ಮಂಡಿನೋವಿಗೆ ಗಾಂಜಾ ಎಣ್ಣೆ: ಎಷ್ಟು ನಿಜ, ಎಷ್ಟು ಸುಳ್ಳು?



ಹೊಳಲ್ಕೆರೆ ಕಡೆ ಅಡಿಕೆ ಸುಲಿಯಲು ಕೂರುವವರು, ಹಿರಿಯೂರು ಕಡೆ ಶೇಂಗಾ ಹೊಲದಲ್ಲಿ ಕುಕ್ಕರುಗಾಲಲ್ಲಿ ಕಳೆ ತೆಗೆಯುವವರು ವಾರದ ಸಭೆಗೆ ಬಂದ ಕೂಡಲೇ ಹೇಳುವುದು ಒಂದೇ: "ಅಕ್ಕಾ, ಮಂಡಿ ಹಿಡ್ಕಂಡೈತೆ, ಕುಂತ್ರೆ ಏಳಕ್ಕಾಗಲ್ಲ." ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: "ಗಾಂಜಾ ಎಣ್ಣೆಗೆ ಮಂಡಿನೋವು ಹೋಗುತ್ತಂತೆ, ಮೊಬೈಲಲ್ಲಿ ತೋರಿಸ್ತಾರೆ. ತರಿಸ್ಕೊಳ್ಳೋಕೆ ಸಂಘದಿಂದ ಸಾಲ ಸಿಗುತ್ತಾ?" ಇದನ್ನು ನಕ್ಕು ತಳ್ಳಿಹಾಕಬಾರದು. ಇದರಲ್ಲಿ ಸ್ವಲ್ಪ ಸತ್ಯವೂ ಇದೆ.

ಮಂಡಿಯಲ್ಲಿ ಮೂಳೆಗಳ ತುದಿಗೆ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಇರುತ್ತದೆ. ವಯಸ್ಸು, ತೂಕ, ಹಳೆಯ ಪೆಟ್ಟು, ಕುಕ್ಕರುಗಾಲಿನ ದುಡಿಮೆ ಇವುಗಳಿಂದ ಅದು ಸವೆಯುತ್ತದೆ, ಸುತ್ತಲಿನ ಪೊರೆ ಊದುತ್ತದೆ. ಸವೆದದ್ದನ್ನು ಮತ್ತೆ ಬೆಳೆಸುವ ಮಾತ್ರೆ ಇನ್ನೂ ಇಲ್ಲ. ಇರುವುದು ನೋವಿನ ಮಾತ್ರೆ. ಅದನ್ನು ಡಾಕ್ಟರ್ ಹೇಳದೆ ದಿನಾ ನುಂಗಿದರೆ ಹೊಟ್ಟೆಹುಣ್ಣು ಆಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು, ಬಿ.ಪಿ. ಏರಬಹುದು. ಅದಕ್ಕೇ ವಿಜ್ಞಾನಿಗಳು ಬೇರೆ ದಾರಿ ಹುಡುಕುತ್ತಿದ್ದಾರೆ.

ನಮ್ಮ ಜೀವಕೋಶಗಳ ಮೇಲೆ ಬೀಗದಂಥ ರಚನೆಗಳಿವೆ. ಇವಕ್ಕೆ ಗ್ರಾಹಕಗಳು ಎನ್ನುತ್ತಾರೆ. ಸರಿಯಾದ ಬೀಗದಕೈ ಬಿದ್ದರೆ ಕೆಲಸ ಶುರು. ಗಾಂಜಾದ ಅಂಶ ಕೂರುವ ಎರಡು ಬೀಗಗಳನ್ನು 1990 ಮತ್ತು 1993ರಲ್ಲಿ ಗುರುತಿಸಿದರು: ಸಿಬಿ1, ಸಿಬಿ2. ಮೊದಲನೆಯದು ಹೆಚ್ಚಾಗಿ ಮೆದುಳು, ನರಗಳಲ್ಲಿದೆ. ಮತ್ತು ಬರುವುದು ಇದರಿಂದಲೇ. ಎರಡನೆಯದು ಹೆಚ್ಚಾಗಿ ರೋಗನಿರೋಧಕ ಕೋಶಗಳಲ್ಲಿದೆ. ಹಾಗಾದರೆ ಗಾಂಜಾ ಸೇದಲೆಂದೇ ದೇವರು ಈ ಬೀಗ ಇಟ್ಟನೇ? ಇಲ್ಲ! ಇದರ ಬೀಗದಕೈಯನ್ನು ದೇಹವೇ ಮಾಡಿಕೊಳ್ಳುತ್ತದೆ. ಅಂಥ ಒಂದನ್ನು 1992ರಲ್ಲಿ ಜೆರುಸಲೇಮಿನಲ್ಲಿ ರಫೇಲ್ ಮೆಕೂಲಂ ಅವರ ತಂಡ ಕಂಡುಹಿಡಿದು, ನಮ್ಮ 'ಆನಂದ' ಪದದಿಂದಲೇ 'ಆನಂದಮೈಡ್' ಎಂದು ಹೆಸರಿಟ್ಟಿತು. ಸವೆದ ಮಂಡಿಯ ಪೊರೆಯಲ್ಲೂ ಈ ಎರಡೂ ಬೀಗಗಳಿವೆ ಎಂದು 2008ರಲ್ಲಿ ತಿಳಿಯಿತು. ಸಿಬಿ2 ಇಲ್ಲದ ಇಲಿಗಳಲ್ಲಿ ಕೀಲು ಸವೆತ ಹೆಚ್ಚಾದದ್ದೂ ಕಂಡಿದೆ. ಮತ್ತು ಬರಿಸದೆ ಸಿಬಿ2 ಮಾತ್ರ ತೆರೆಯುವ ಔಷಧಿ ಸಿಕ್ಕರೆ ನೋವು, ಸವೆತ ಎರಡೂ ತಗ್ಗಬಹುದೆಂಬ ಆಸೆ ಅವರದು.

ಆಸೆ ಬೇರೆ, ಔಷಧಿ ಬೇರೆ. ದೇಹದ ಆನಂದಮೈಡ್ ಕರಗದಂತೆ ತಡೆಯುವ ಮಾತ್ರೆಯೊಂದನ್ನು ಮಂಡಿ ಸವೆದವರಿಗೇ ಕೊಟ್ಟು ನೋಡಿದರು. ಬರೀ ಹಿಟ್ಟಿನ ಮಾತ್ರೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ ಎಂದು 2012ರಲ್ಲಿ ವರದಿಯಾಯಿತು. ಅದೇ ಜಾತಿಯ ಇನ್ನೊಂದು ಔಷಧಿಯನ್ನು 2016ರಲ್ಲಿ ಫ್ರಾನ್ಸಿನಲ್ಲಿ ಆರೋಗ್ಯವಂತರ ಮೇಲೆ ಪರೀಕ್ಷಿಸುವಾಗ ಒಬ್ಬರು ತೀರಿಕೊಂಡರು. ನೋವಿನ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವೂ ನೋವಿಗೆ ಗಾಂಜಾ ಬಳಕೆಯನ್ನು ತಾನು ಅನುಮೋದಿಸುವುದಿಲ್ಲ ಎಂದು 2021ರಲ್ಲಿ ಹೇಳಿತು.

ಹೀಗಿರುವಾಗ ಲೇಬಲ್ ಇಲ್ಲದ ಬಾಟಲಿಗೆ ಸಾಲ ಯಾಕೆ? ಅದರಲ್ಲಿ ಏನಿದೆ, ಎಷ್ಟಿದೆ ಮಾರುವವನಿಗೂ ಗೊತ್ತಿರುವುದಿಲ್ಲ. ಕುಡಿದರೆ ತಲೆ ತಿರುಗುತ್ತದೆ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡರೆ ಮಂಡಿನೋವೇ ವಾಸಿ ಅನಿಸುತ್ತೆ. ಬಸುರಿ, ಬಾಣಂತಿಯರು ಮುಟ್ಟಲೇಬಾರದು. ಆಯುರ್ವೇದದಲ್ಲಿ 'ವಿಜಯಾ' ಎಂಬ ಹೆಸರಲ್ಲಿ ಇದರ ಎಲೆ ಬಳಸುತ್ತಾರೆ, ನಿಜ. ಅದನ್ನೂ ವೈದ್ಯರು ನೋಡಿ ಕೊಡಬೇಕು. ಹಿತ್ತಲಲ್ಲಿ ಒಂದು ಗಿಡ ಹಾಕಿಕೊಳ್ಳೋಣ ಎನ್ನುವವರಿಗೂ ಒಂದು ಮಾತು: 1985ರ ಕಾಯಿದೆ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಬೆಳೆಯುವುದು ಅಪರಾಧ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಇದೂ ವಾತದ ನೋವಿನ ಹಾಗೇ ಕಾಣುತ್ತದೆ. ಮನೆಯ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದರೆ, ನಿಮ್ಮ ಕತ್ತು, ಬೆನ್ನು ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಅದನ್ನು ಹೇಳಿ. ಕುಡಿಯುವ ನೀರು ಬದಲಿಸದೆ ಯಾವ ಎಣ್ಣೆ ಹಚ್ಚಿದರೂ ಪ್ರಯೋಜನವಿಲ್ಲ.

ಮಂಡಿ ಸವೆತಕ್ಕೆ ಇವತ್ತು ಗಟ್ಟಿಯಾಗಿ ಗೊತ್ತಿರುವ ಉಪಾಯಕ್ಕೆ ದುಡ್ಡು ಬೇಕಿಲ್ಲ. ಮೈ ದಪ್ಪ ಇರುವವರು ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ. ನೆಲದ ಬದಲು ಮಣೆ, ಸ್ಟೂಲ್ ಮೇಲೆ ಕೂತು ಕೆಲಸ ಮಾಡಿ. ತೊಡೆಯ ಸ್ನಾಯು ಗಟ್ಟಿಯಾಗಲು ಕುರ್ಚಿ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಹೀಗೆ ಒಂದೊಂದು ಕಾಲಿಗೆ ಹತ್ತು ಸಲ. ಸಭೆಯಲ್ಲಿ ಉಳಿತಾಯದ ಪುಸ್ತಕ ಬರೆದು ಮುಗಿಯುವಷ್ಟರಲ್ಲಿ ಎಲ್ಲರದ್ದೂ ಆಗುತ್ತದೆ.