ಅತಿಚಟುವಟಿಕೆಯ ಪ್ರಾಣಿ ಮಾದರಿಗಳು

ಅತಿಚಟುವಟಿಕೆಯ ಪ್ರಾಣಿ ಮಾದರಿಗಳು ಎಂದರೆ ಮಕ್ಕಳಲ್ಲಿ ಕಂಡುಬರುವ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯ (ಎಡಿಎಚ್‌ಡಿ) ಕೆಲವು ಲಕ್ಷಣಗಳನ್ನು ತೋರುವ ಪ್ರಯೋಗಾಲಯದ ಪ್ರಾಣಿಗಳು. ಇವುಗಳಲ್ಲಿ ಬಹುಪಾಲು ಇಲಿಗಳು. ಡೋಪಮೈನ್ ಎಂಬ ನರವಾಹಕವು ಚಲನೆಯನ್ನೂ ಕಲಿಕೆಯನ್ನೂ ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ಅರಿಯಲು ಇವನ್ನು ಬಳಸಲಾಗುತ್ತದೆ. ಮಾನವರಲ್ಲಿ ವಂಶವಾಹಿಯನ್ನು ತೆಗೆದುಹಾಕುವುದಾಗಲಿ, ಮೆದುಳಿನ ಒಂದೇ ಬಗೆಯ ನರಕೋಶಗಳನ್ನು ನಾಶಪಡಿಸುವುದಾಗಲಿ ಸಾಧ್ಯವಿಲ್ಲದಿರುವುದರಿಂದ ಇಂತಹ ಮಾದರಿಗಳು ಅಗತ್ಯವಾದವು.

ಹಿನ್ನೆಲೆ

1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿಯವರು ವರ್ತನೆಯ ತೊಂದರೆಯಿದ್ದ ಮಕ್ಕಳಿಗೆ ಆಂಫೆಟಮೈನ್ ವರ್ಗದ ಬೆಂಜೆಡ್ರಿನ್ ನೀಡಿದಾಗ ಹಲವರು ಶಾಂತರಾಗಿ ಪಾಠದ ಕಡೆ ಗಮನ ಕೊಟ್ಟದ್ದನ್ನು ವರದಿ ಮಾಡಿದರು. ಉತ್ತೇಜಕ ಔಷಧವೊಂದು ಚಂಚಲ ಮಗುವನ್ನು ಶಾಂತಗೊಳಿಸುವುದು ಹೇಗೆ ಎಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಡೋಪಮೈನ್ ನರವಾಹಕವೆಂಬುದೇ ತಿಳಿದಿರಲಿಲ್ಲ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ರೆಸರ್ಪಿನ್ ನೀಡಿದ್ದರಿಂದ ಚಲನೆ ಕಳೆದುಕೊಂಡ ಮೊಲಗಳಿಗೆ ಡೋಪಮೈನಿನ ಪೂರ್ವರೂಪವಾದ ಎಲ್-ಡೋಪಾ ಕೊಟ್ಟು ಅವುಗಳನ್ನು ಮತ್ತೆ ಓಡಾಡುವಂತೆ ಮಾಡಿದರು. ಈ ದಾರಿಯ ಸಂಶೋಧನೆಗಾಗಿ ಕಾರ್ಲ್‌ಸನ್ 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆರಂಭಿಕ ಮಾದರಿಗಳು

1976ರಲ್ಲಿ ಬೆನೆಟ್ ಶೇವಿಟ್ಜ್ ಮತ್ತು ಸಹೋದ್ಯೋಗಿಗಳು ಐದು ದಿನದ ಇಲಿ ಮರಿಗಳ ಮೆದುಳಿಗೆ 6-ಹೈಡ್ರಾಕ್ಸಿಡೋಪಮೈನ್ ಎಂಬ ವಿಷವನ್ನು ಸೇರಿಸಿ ಡೋಪಮೈನನ್ನು ತೀವ್ರವಾಗಿ ಕಡಿಮೆ ಮಾಡಿದರು. ಎರಡು-ಮೂರು ವಾರಗಳ ವಯಸ್ಸಿನಲ್ಲಿ ಈ ಮರಿಗಳು ಅತಿಯಾಗಿ ಓಡಾಡಿದವು. ಬೆಳೆದಂತೆ ಓಡಾಟ ತಗ್ಗಿತು. ಕಲಿಕೆಯ ಪರೀಕ್ಷೆಗಳಲ್ಲೂ ಇಂತಹ ಮರಿಗಳು ಹಿಂದುಳಿದವು. ಆಂಫೆಟಮೈನ್ ಅವುಗಳನ್ನು ಶಾಂತಗೊಳಿಸಿತು.

ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಮಾದರಿ ಹುಟ್ಟಿದ್ದು ಬೇರೆಯೇ ಉದ್ದೇಶಕ್ಕೆ. ಜಪಾನಿನ ಕ್ಯೋಟೋದಲ್ಲಿ ಒಕಾಮೊಟೊ ಮತ್ತು ಅಓಕಿ 1963ರಲ್ಲಿ ರಕ್ತದೊತ್ತಡದ ಅಧ್ಯಯನಕ್ಕಾಗಿ, ತಾನಾಗಿಯೇ ಅಧಿಕ ರಕ್ತದೊತ್ತಡ ಬೆಳೆಯುವ ಇಲಿ ತಳಿಯನ್ನು ವರದಿ ಮಾಡಿದರು. ಈ ತಳಿಯ ಚಂಚಲತೆ ಅನಂತರ ಗಮನ ಸೆಳೆಯಿತು. ನಾರ್ವೆಯ ಟೆರ್ಯೆ ಸಾಗ್‌ವೋಲ್ಡೆನ್ ಇದನ್ನು ಎಡಿಎಚ್‌ಡಿಯ ಮಾದರಿಯಾಗಿ ಬೆಳೆಸಿದರು. ರಕ್ತದೊತ್ತಡ ಏರುವ ಮೊದಲೇ, ಎಳೆಯ ವಯಸ್ಸಿನಲ್ಲಿ, ಪರೀಕ್ಷೆ ನಡೆಸುವುದು ವಾಡಿಕೆ. ಹೋಲಿಕೆಗೆ ಇಟ್ಟುಕೊಳ್ಳುವ ವಿಸ್ಟಾರ್-ಕ್ಯೋಟೋ ತಳಿಯೇ ಸಹಜಕ್ಕಿಂತ ಮಂದವಾಗಿದೆ ಎಂಬ ಆಕ್ಷೇಪವಿದೆ. ಹಾಗಿದ್ದರೆ ಚಂಚಲತೆಯ ಅಳತೆಯೇ ಅರ್ಧ ಹುಸಿಯಾಗುತ್ತದೆ.

ಸಾಗಣೆ ಪ್ರೋಟೀನ್ ಇಲ್ಲದ ಇಲಿ

ನರಕೋಶವು ಹೊರಬಿಟ್ಟ ಡೋಪಮೈನನ್ನು ಮರಳಿ ಒಳಗೆ ಸೆಳೆದುಕೊಳ್ಳುವ ಕೆಲಸ ಡೋಪಮೈನ್ ಸಾಗಣೆ ಪ್ರೋಟೀನಿನದು. ಕೊಕೇನ್, ಆಂಫೆಟಮೈನ್ ಮತ್ತು ಮೀಥೈಲ್‌ಫೆನಿಡೇಟ್ ಮೂರೂ ಇದರ ಮೇಲೆ ವರ್ತಿಸುತ್ತವೆ. 1996ರಲ್ಲಿ ಬ್ರೂನೋ ಗಿರೋ, ಮಾರ್ಕ್ ಕ್ಯಾರನ್ ಮತ್ತು ಸಂಗಡಿಗರು ಈ ಪ್ರೋಟೀನಿನ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಚಿಟ್ಟಿಲಿಗಳನ್ನು ರೂಪಿಸಿದರು. ಅವುಗಳ ಮೆದುಳಿನಲ್ಲಿ ಬಿಡುಗಡೆಯಾದ ಡೋಪಮೈನ್ ನೂರು ಪಟ್ಟು ಹೆಚ್ಚು ಕಾಲ ಉಳಿಯುತ್ತಿತ್ತು. ಇಲಿಗಳು ಯಾವ ಔಷಧವೂ ಇಲ್ಲದೆ ಅತಿಯಾಗಿ ಓಡಾಡುತ್ತಿದ್ದವು. ಸಾಮಾನ್ಯ ಇಲಿಗಳನ್ನು ಕೆರಳಿಸುವ ಕೊಕೇನ್ ಅವುಗಳ ಓಡಾಟವನ್ನು ಹೆಚ್ಚಿಸಲಿಲ್ಲ. ಕೋಶಗಳ ಹೊರಗೆ ಡೋಪಮೈನ್ ಹೆಚ್ಚಾಗಿದ್ದರೂ ಕೋಶಗಳ ಒಳಗಿನ ಸಂಗ್ರಹ ಬಹುತೇಕ ಬರಿದಾಗಿತ್ತು: ಮರಳಿ ಬಾರದ ಡೋಪಮೈನನ್ನು ಕೋಶ ಮತ್ತೆ ತುಂಬಿಕೊಳ್ಳುವಂತಿಲ್ಲ.

ಕ್ಯಾರನ್ ಅವರ ಪ್ರಯೋಗಾಲಯದ ರೌಲ್ ಗೈನೆಟ್ಡಿನೋವ್ ಮತ್ತಿತರರು 1999ರಲ್ಲಿ ಈ ಇಲಿಗಳ ಕಲಿಕೆಯನ್ನು ಪರೀಕ್ಷಿಸಿದರು. ಎಂಟು ಕವಲುಗಳ ಜಟಿಲ ದಾರಿಯಲ್ಲಿ ಪ್ರತಿ ಕವಲಿನ ತುದಿಗೂ ಆಹಾರವಿರುತ್ತದೆ. ಒಮ್ಮೆ ತಿಂದ ಕವಲಿಗೆ ಮತ್ತೆ ಹೋದರೆ ಅದು ತಪ್ಪು. ಸಾಮಾನ್ಯ ಇಲಿಗಳು ದಿನಗಳೆದಂತೆ ತಪ್ಪು ಕಡಿಮೆ ಮಾಡಿದರೆ, ಇವು ಅದೇ ತಪ್ಪನ್ನು ಮಾಡುತ್ತಲೇ ಇದ್ದವು. ಮೀಥೈಲ್‌ಫೆನಿಡೇಟ್ ಕೊಟ್ಟಾಗ ಓಡಾಟ ತಗ್ಗಿತು. ಆದರೆ ಆ ಔಷಧ ಹಿಡಿಯಬೇಕಾದ ಡೋಪಮೈನ್ ಸಾಗಣೆ ಪ್ರೋಟೀನೇ ಅವುಗಳಲ್ಲಿ ಇರಲಿಲ್ಲ, ಡೋಪಮೈನಿನ ಮಟ್ಟವೂ ಬದಲಾಗಲಿಲ್ಲ. ಸೆರೊಟೊನಿನ್ ಹೆಚ್ಚಿಸುವ ಫ್ಲುಆಕ್ಸೆಟಿನ್ ಕೂಡ ಅವುಗಳನ್ನು ಶಾಂತಗೊಳಿಸಿತು. ಶಾಂತಗೊಳಿಸುವುದು ಸೆರೊಟೊನಿನ್ ಎಂದು ಸಂಶೋಧಕರು ತೀರ್ಮಾನಿಸಿದರು.

ಮಾನವರಿಗೆ ಈ ತೀರ್ಮಾನ ನೇರವಾಗಿ ಅನ್ವಯಿಸಲಿಲ್ಲ. ಮೀಥೈಲ್‌ಫೆನಿಡೇಟ್ ಸೆರೊಟೊನಿನಿನ ಸಾಗಣೆ ಪ್ರೋಟೀನಿಗೆ ಬಲು ದುರ್ಬಲವಾಗಿ ಅಂಟುತ್ತದೆ. ಎಡಿಎಚ್‌ಡಿಗೆಂದು 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಉತ್ತೇಜಕವಲ್ಲದ ಔಷಧವಾದ ಆಟೊಮಾಕ್ಸೆಟಿನ್ ನಾರ್‌ಅಡ್ರಿನಲಿನ್ ಮೇಲೆ ವರ್ತಿಸುವಂಥದು.

ಮಾದರಿಗಳ ಸಿಂಧುತ್ವ

ಪಾಲ್ ವಿಲ್ನರ್ 1984ರಲ್ಲಿ ಖಿನ್ನತೆಯ ಮಾದರಿಗಳಿಗಾಗಿ ಸೂಚಿಸಿದ ಮೂರು ಅಳತೆಗೋಲುಗಳನ್ನು ಇಲ್ಲಿಯೂ ಬಳಸಲಾಗುತ್ತದೆ: ಲಕ್ಷಣಗಳ ಹೋಲಿಕೆ, ಕಾರಣಗಳ ಹೋಲಿಕೆ, ಔಷಧಕ್ಕೆ ತೋರುವ ಪ್ರತಿಕ್ರಿಯೆಯ ಹೋಲಿಕೆ. ಮೂರನೆಯದು ಕೇಳಲು ಬಲವಾಗಿದ್ದರೂ ಇಲ್ಲಿ ಅದೇ ದುರ್ಬಲವಾದುದು. ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು 1978ರಲ್ಲಿ ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಆಂಫೆಟಮೈನ್ ಕೊಟ್ಟಾಗಲೂ ಅವರ ಓಡಾಟ ಕಡಿಮೆಯಾಗಿ ಗಮನ ಹೆಚ್ಚಿತು. ಆದ್ದರಿಂದ ಔಷಧದಿಂದ ಶಾಂತವಾಯಿತು ಎಂಬ ಮಾತ್ರಕ್ಕೆ ಇಲಿಯಾಗಲಿ ಮಗುವಾಗಲಿ ಆ ತೊಂದರೆಯುಳ್ಳದ್ದೆಂದು ಹೇಳಲಾಗದು.

ಕಾರಣಗಳ ಹೋಲಿಕೆಯೂ ತೊಡಕಿನದು. ಡೋಪಮೈನ್ ಕಡಿಮೆಯಾದ ಮರಿಗಳೂ ಅದು ಹೆಚ್ಚಾಗಿ ಉಳಿಯುವ ಇಲಿಗಳೂ ಒಂದೇ ಬಗೆಯಲ್ಲಿ ಓಡಾಡುತ್ತವೆ. 2009ರಲ್ಲಿ ಇದೇ ಸಾಗಣೆ ಪ್ರೋಟೀನಿನ ವಂಶವಾಹಿ ಕೆಟ್ಟಿರುವ ಶಿಶುಗಳ ವರದಿ ಪ್ರಕಟವಾಯಿತು. ಆ ಮಕ್ಕಳಲ್ಲಿ ಕಂಡದ್ದು ಎಡಿಎಚ್‌ಡಿಯಲ್ಲ, ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಸ್ನಾಯು ಬಿಗಿತ ಮತ್ತು ಚಲನೆಯ ತೀವ್ರ ತೊಂದರೆ.