ಕಲ್ಲು ಒಡೆದ ಮೇಲಿನ ಐದು ವರ್ಷ

ಬೆನ್ನುಮೂಳೆಗೆ ಅಡ್ಡಲಾಗಿ, ಕಲ್ಲುಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಮೇದೋಜೀರಕ ಗ್ರಂಥಿಯಲ್ಲಿ ಕಲ್ಲಾದವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ ಕಾಣುವುದು ಇದು. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ‘ಗ್ಯಾಸ್ಟ್ರಿಕ್’ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿರುತ್ತಾರೆ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿದ ನೋವು ಬೆನ್ನಿಗೆ ಹಾಯುತ್ತದೆ. ಮುಂದಕ್ಕೆ ಬಾಗಿ ಕೂತರೆ ತುಸು ಸಮಾಧಾನ. ಉಂಡರೆ ನೋವು ಬರುತ್ತದೆಂದು ಹೆದರಿ ಊಟ ಬಿಟ್ಟು ಸೊರಗುತ್ತಾರೆ.

ಪುತ್ತೂರು, ಸುಳ್ಯದವರು, ತಲಪಾಡಿ ದಾಟಿ ಬರುವ ಕಾಸರಗೋಡಿನವರು ಚಿಕಿತ್ಸೆಗೆ ನೆಚ್ಚಿಕೊಂಡಿರುವ ಮಂಗಳೂರಿಗೆ ಈ ಕಾಯಿಲೆ ದೂರದ್ದಲ್ಲ. ಪಕ್ಕದ ಕೇರಳದಲ್ಲೇ ಡಾ. ಪಿ.ಜೆ. ಗೀವರ್ಗೀಸ್ ಇದರ ಬೆನ್ನು ಹತ್ತಿ, 1968ರಲ್ಲಿ ಪುಸ್ತಕವನ್ನೇ ಬರೆದರು. ಕುಡಿತವೇ ಗೊತ್ತಿಲ್ಲದ ಎಳೆಯರಿಗೆ ಹೊಟ್ಟೆನೋವು, ಕಲ್ಲು, ಆಮೇಲೆ ಸಕ್ಕರೆ ಕಾಯಿಲೆ. ಮರಗೆಣಸಿನ ಮೇಲೆ ಅನುಮಾನ ಬಿತ್ತು, ಅದು ನಿಲ್ಲಲಿಲ್ಲ. 2002ರಲ್ಲಿ ಹೈದರಾಬಾದಿನ ಸಂಶೋಧಕರು ಸ್ಪಿಂಕ್-1 ಎಂಬ ಜೀನಿನ ದೋಷಕ್ಕೂ ಇದಕ್ಕೂ ನಂಟು ತೋರಿಸಿದರು.

ಕೊಯ್ಯದೆ ಕಲ್ಲು ಒಡೆಯುವ ವಿದ್ಯೆಯ ಮೂಲ ವಿಮಾನದಲ್ಲಿದೆ. ಅತಿವೇಗದ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆಂದು ಜರ್ಮನಿಯ ಡೋರ್ನಿಯರ್ ಕಂಪನಿ ಪರೀಕ್ಷಿಸುತ್ತಿದ್ದಾಗ ಆಘಾತ ತರಂಗದ ಬಲ ತಿಳಿಯಿತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಅದರಿಂದ ಕಿಡ್ನಿ ಕಲ್ಲು ಒಡೆದರು. 1987ರಲ್ಲಿ ಮೇದೋಜೀರಕದ ಕಲ್ಲು ಒಡೆದ ವರದಿಯೂ ಅಲ್ಲಿಂದಲೇ ಬಂತು. ಇದನ್ನು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ. ಒಂದು ಸಲಕ್ಕೆ ಸುಮಾರು 5000 ಏಟು. ನಾಳಕ್ಕೆ ಅಡ್ಡ ಕೂತ ಕಲ್ಲು 3 ಮಿ.ಮೀ.ಗಿಂತ ಸಣ್ಣ ಚೂರಾಗಬೇಕು. ಬಳಿಕ ಎಂಡೊಸ್ಕೋಪಿಯಿಂದ ನಾಳ ತೊಳೆದು, ಬೇಕಾದರೆ ಸ್ಟೆಂಟ್ ಇಡುತ್ತಾರೆ.

ಆದರೆ ಕಲ್ಲು ಪುಡಿಯಾದ ದಿನದ ಎಕ್ಸ್‌ರೇ ರೋಗಿಯ ಮುಂದಿನ ಬದುಕನ್ನು ಹೇಳುವುದಿಲ್ಲ. ಆ ಸಂಸ್ಥೆಯ ವೈದ್ಯರು 636 ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನಾನು ಅದಕ್ಕೇ ದೊಡ್ಡದೆಂದು ಎಣಿಸುತ್ತೇನೆ. ಎರಡರಿಂದ ಐದು ವರ್ಷವಾದವರಲ್ಲಿ ನೂರಕ್ಕೆ ಸುಮಾರು 69 ಮಂದಿಗೆ ನೋವೇ ಇರಲಿಲ್ಲ. ಐದು ದಾಟಿದವರಲ್ಲಿ 60. ಇನ್ನೊಂದೆಡೆ, ಐದು ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 23 ಮಂದಿಗೆ ಕಲ್ಲು ಮರಳಿತ್ತು. ಗಾಯಗೊಂಡು ಗಟ್ಟಿಯಾದ ಗ್ರಂಥಿ ಮೊದಲಿನಂತಾಗುವುದಿಲ್ಲ.

ನೆದರ್ಲೆಂಡ್ಸ್‌ನ ಎರಡು ಪ್ರಯೋಗಗಳಲ್ಲಿ (2007ರಲ್ಲಿ 39 ರೋಗಿಗಳು, 2020ರಲ್ಲಿ 88) ನೋವು ತಗ್ಗಿಸುವುದರಲ್ಲಿ ಶಸ್ತ್ರಚಿಕಿತ್ಸೆಯೇ ಮೇಲಾಯಿತು. ‘ಕೊಯ್ಯದೆ ಆಗುತ್ತದೆ’ ಎಂಬ ಮಾತಿನ ಜೊತೆಗೆ ಇದನ್ನೂ ಮನೆಯವರನ್ನು ಕೂರಿಸಿ ಹೇಳಲೇಬೇಕು. ಸಿಗರೇಟು, ಕುಡಿತ ಇದ್ದರೆ ಬಿಡಬೇಕೆಂಬುದನ್ನೂ.

ನೋವು ಹೋದವರು ಆಸ್ಪತ್ರೆಯ ಹಾದಿ ಮರೆಯುವುದು ಸಹಜ. ಆದರೂ ಶುಗರ್ ನೋಡಿಸಬೇಕು, ತೂಕ ಗಮನಿಸಬೇಕು. ಎಣ್ಣೆ ತೇಲುವ ಮಲ ಕಂಡರೆ ಡಾಕ್ಟರಿಗೆ ಹೇಳಬೇಕು. ಎನ್‌ಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರೆ ಅದು ಊಟದ ಜೊತೆಗೇ ಹೊಟ್ಟೆಗಿಳಿಯಬೇಕು. ಮದುವೆಮನೆಯ ಎಲೆಯ ಮುಂದೆ ಕೂತಾಗಲೂ ಕಿಸೆಯಲ್ಲಿರಬೇಕು.