ಏಸುವಿಗೂ ಪಲ್ಲವಿ, ಚರಣ!

ಹೈದರಾಬಾದಿನ ತೆಲುಗು ಚರ್ಚುಗಳಲ್ಲಿ ಹಾಡುವ ‘ಆಂಧ್ರ ಕ್ರೈಸ್ತವ ಕೀರ್ತನಲು’ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ಹಾಡಿನ ನೆತ್ತಿಯ ಮೇಲೆ ರಾಗದ ಹೆಸರು, ಪಕ್ಕದಲ್ಲೇ ತಾಳ! ಕೆಳಗೆ ಪಲ್ಲವಿ, ಚರಣ. ಗೋಲ್ಕೊಂಡದ ಸೆರೆಮನೆಯಿಂದಲೇ ರಾಮನನ್ನು ದಬಾಯಿಸಿದ ಭದ್ರಾಚಲ ರಾಮದಾಸರ ಕೀರ್ತನೆಯೇ ಇರಬೇಕು ಅಂದುಕೊಳ್ಳುತ್ತೀರಿ. ಅಲ್ಲ, ಕರೆಯುತ್ತಿರುವುದು ಏಸುವನ್ನು!

ಬರೆದವರಲ್ಲಿ ದೊಡ್ಡ ಹೆಸರು ಪುರುಷೋತ್ತಮ ಚೌಧರಿ. 1803ರಲ್ಲಿ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು, ಮುಂದೆ ಕ್ರೈಸ್ತರಾಗಿ ನೂರಕ್ಕೂ ಹೆಚ್ಚು ಕೀರ್ತನೆ ಕಟ್ಟಿದರು. ಮತ ಬದಲಾಯಿತು, ಕಿವಿ ಬದಲಾಗಲಿಲ್ಲ. ನಮ್ಮ ಕಿಟೆಲ್ ಸಾಹೇಬರೂ 1862ರ ‘ಕಥಾಮಾಲೆ’ಯಲ್ಲಿ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೇ ಇಳಿಸಿದ್ದರಲ್ಲ, ಅದೇ ಜಾಡು.

ದೂರದ ಘಾನಾದಲ್ಲೂ ಇದೇ ಕಥೆ! ಅಲ್ಲಿನ ಮೆಥಡಿಸ್ಟ್ ಚರ್ಚಿನಲ್ಲಿ ಇಂಗ್ಲಿಷ್ ಸ್ತೋತ್ರಪುಸ್ತಕ ಓದಲು ಬಾರದ ಅಕಾನ್ ಹೆಂಗಸರು ತಮ್ಮದೇ ನುಡಿಯಲ್ಲಿ, ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುವ ಹಾಡು ಕಟ್ಟಿಬಿಟ್ಟರು. ಎಫ್ರೇಂ ಅಮು ಎಂಬ ಸಂಗೀತದ ಮೇಷ್ಟ್ರು ದೇಸಿ ಬಟ್ಟೆ ಉಟ್ಟು ಉಪದೇಶಕ್ಕೆ ನಿಂತದ್ದೇ ತಪ್ಪಾಗಿ, 1933ರಲ್ಲಿ ಕೆಲಸ ಕಳೆದುಕೊಂಡರು. ಇಂದಿನ ಅಕಾನ್ ಗಾಸ್ಪೆಲ್ ಅಬ್ಬರಕ್ಕೆ ನೆಲ ಹದಮಾಡಿದವರು ಇಂಥವರೇ.

ಮತ್ತೆ ಹೈದರಾಬಾದಿಗೇ ಬನ್ನಿ. ಗೋಲ್ಕೊಂಡ ಕ್ರಾಸ್‌ರೋಡ್ಸ್‌ನಲ್ಲಿ (ಕೋಟೆ ಹುಡುಕಬೇಡಿ, ಅದು ಇಲ್ಲಿಂದ ಬಹುದೂರ!) ಹೆಬ್ರೋನ್ ಎಂಬ ಪ್ರಾರ್ಥನಾ ನೆಲೆಯಿದೆ. ಕಟ್ಟಿದವರು ಯಾರು ಗೊತ್ತೇ? ಪಂಜಾಬಿನ ಸಿಖ್ ಮನೆತನದ ಭಕ್ತ್ ಸಿಂಗ್! 1903ರಲ್ಲಿ ಹುಟ್ಟಿ, ಎಂಜಿನಿಯರಿಂಗ್ ಕಲಿಯಲು ಪರದೇಶಕ್ಕೆ ಹೋಗಿ, ಕೆನಡಾದಲ್ಲಿ ಬೈಬಲ್ ಹಿಡಿದು ಮರಳಿದವರು. ಅವರ ಸಭೆಗಳಲ್ಲಿ ಬೆಂಚುಗಳಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ‘ಸೀಯೋನು ಗೀತ’ಗಳನ್ನು ಹಾಡುವುದು. ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೇ ಊಟ. ಗುರುದ್ವಾರದ ಲಂಗರ್ ನೆನಪಾಗದೆ ಇದ್ದೀತೇ? 2000ದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಗರದ ಬೀದಿಗಳಲ್ಲಿ ಜನವೋ ಜನ.

ಇನ್ನು ಸಿನಿಮಾಕ್ಕೆ ಬಂದರೆ, ಗಾಯಕ ಎಸ್ಪಿಬಿ! ಹರಿಕಥಾ ವಿದ್ವಾಂಸ ಸಾಂಬಮೂರ್ತಿಗಳ ಮಗ. 1978ರ ‘ಕರುಣಾಮಯುಡು’ ಚಿತ್ರದಲ್ಲಿ ಏಸು ಶಿಲುಬೆ ಹೊತ್ತು ನಡೆಯುವಾಗ ಕೇಳುವ ‘ಕದಿಲಿಂದಿ ಕರುಣರಥಂ’ ಹಾಡಿಗೆ ಅವರದೇ ದನಿ. ಸಾಹಿತ್ಯ ಮೋದುಕೂರಿ ಜಾನ್ಸನ್ ಅವರದು. ಚಿತ್ರ ಹಲವು ಭಾಷೆಗಳಿಗೆ ಡಬ್ ಆಗಿ, ‘ದಯಾಸಾಗರ್’ ಎಂಬ ಹೆಸರಿನಲ್ಲಿ ಉತ್ತರದ ಹಳ್ಳಿಗಳವರೆಗೂ ಹೋಯಿತು. ಆ ಹಾಡನ್ನು ತೆಲುಗು ನಾಡಿನಲ್ಲಿ ಶುಭ ಶುಕ್ರವಾರ ಬಂತೆಂದರೆ ಇವತ್ತಿಗೂ ಹಾಕುತ್ತಾರೆ.